ದೊಡ್ಡಮ್ಮನ ಜೊತೆ ಹೊರಗೆ ಹೋಗೋಕೆ ಅರ್ಧ ದಿನದ ರಜೆ ಸಾಲದು

ಬೆಳಿಗ್ಗೆ 9ಕ್ಕೆ ಕಣ್ಣಿನ ಡಾಕ್ಟರ್. 12ಕ್ಕೆ ದೊಡ್ಡಮ್ಮನನ್ನು ವಾಪಸ್ ಬಿಡುವುದು. 1 ಗಂಟೆಗೆ ಆಫೀಸ್ ಮೀಟಿಂಗ್. ಎರಡು ವರ್ಷದ ಹಿಂದಿನ ಒಂದು ಮಂಗಳವಾರ ನನ್ನ ಫೋನಿನ ಕ್ಯಾಲೆಂಡರ್‌ನಲ್ಲಿ ಇದ್ದದ್ದು ಇಷ್ಟು. ಅರ್ಧ ದಿನ ರಜೆ ಹಾಕಿದ್ದೆ. ಅದೇನು ಮಹಾ ಕೆಲಸ, ಕರೆದುಕೊಂಡು ಹೋಗಿ ಕರೆದುಕೊಂಡು ಬರುವುದು ತಾನೇ ಅಂದುಕೊಂಡಿದ್ದೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಈಗ 79 ವರ್ಷ. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಬಿಪಿಗೆ ಮಾತ್ರೆ, ಜೊತೆಗೆ ಸವೆದ ಬಲ ಮೊಣಕಾಲು. ನಮ್ಮಮ್ಮ ತೀರಿಕೊಂಡ ಮೇಲೆ ಒಬ್ಬರೇ ಇರುವುದು ಬೇಡ ಅಂತ ತಾವೇ ತೀರ್ಮಾನ ಮಾಡಿ ಬೆಂಗಳೂರಿನ ಹೊರವಲಯದ ಒಂದು ಹೋಮ್ ಸೇರಿಕೊಂಡರು. "ವೃದ್ಧಾಶ್ರಮ ಅನ್ಬೇಡ ಕಣೇ, ಹಾಸ್ಟೆಲ್ ಅನ್ನು" ಅಂತ ನನಗೆ ತಾಕೀತು ಮಾಡಿದ್ದಾರೆ.

ಆ ಮಂಗಳವಾರ ನಾನು ಹೋಮ್ ತಲುಪಿದಾಗ 7.40. ದೊಡ್ಡಮ್ಮ ಸೀರೆ ಉಟ್ಟು, ತಲೆ ಬಾಚಿಕೊಂಡು, ಕೈಚೀಲ ಹಿಡಿದು ಕೂತಿದ್ದರು. ಡೈನಿಂಗ್ ಹಾಲ್‌ನಲ್ಲಿ ಇನ್ನೂ ತಟ್ಟೆ ಇಡುತ್ತಿದ್ದರು. "ತಿಂಡಿ ಐದು ನಿಮಿಷದಲ್ಲಿ ಬರುತ್ತೆ" ಅಂದರು ಆಯಾ. ನಾನು ಗಡಿಯಾರ ನೋಡಿದೆ. "ಬೇಡಕ್ಕ, ದಾರೀಲಿ ಇಡ್ಲಿ ತಿನ್ನಿಸ್ತೀನಿ" ಅಂತ ಹೇಳಿ ಕ್ಯಾಬ್ ಹತ್ತಿಸಿಬಿಟ್ಟೆ. ಅದಕ್ಕೆ ಹತ್ತು ನಿಮಿಷ ಮೊದಲೇ ಸಿಸ್ಟರ್ ಇನ್ಸುಲಿನ್ ಕೊಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ.

ದಾರಿಯಲ್ಲಿ ಟ್ರಾಫಿಕ್ ಜಾಮ್. ಮೊದಲು ಟೋಕನ್ ತಗೊಂಡುಬಿಡೋಣ, ಆಮೇಲೆ ತಿಂಡಿ ಅಂದೆ. ಆಸ್ಪತ್ರೆಯಲ್ಲಿ ಟೋಕನ್ ಸಿಕ್ಕಿತು, ಇಪ್ಪತ್ತು ನಿಮಿಷ ಅಂದರು. ದೊಡ್ಡಮ್ಮ ಸಿಡಿಮಿಡಿ ಶುರು ಮಾಡಿದರು. ಕೇಳಿದ್ದನ್ನೇ ಕೇಳುತ್ತಿದ್ದರು. ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆದರು. ನಾನು ಲ್ಯಾಪ್‌ಟಾಪ್ ತೆಗೆದು ಮೇಲ್ ನೋಡುತ್ತಾ "ಸ್ವಲ್ಪ ಸುಮ್ನಿರಿ ದೊಡ್ಡಮ್ಮ" ಅಂದೆ.

ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ನನ್ನ ತೋಳು ತಟ್ಟಿದರು. "ನೋಡಮ್ಮಾ, ಅವ್ರು ಹೆಂಗೆ ಬೆವರ್ತಾವ್ರೆ. ಸಕ್ಕರೆ ಕಾಯ್ಲೆ ಐತಾ?" ಆಗ ನೋಡಿದೆ. ಕುಪ್ಪಸ ಒದ್ದೆಯಾಗಿತ್ತು, ಕೈ ತಣ್ಣಗಿತ್ತು, ಬೆರಳು ನಡುಗುತ್ತಿತ್ತು. ನರ್ಸ್ ಓಡಿ ಬಂದು ಬೆರಳು ಚುಚ್ಚಿ ನೋಡಿದರೆ ಸಕ್ಕರೆ 52. 70ಕ್ಕಿಂತ ಕಡಿಮೆಯಾದರೇ ತಕ್ಷಣ ನೋಡಿಕೊಳ್ಳಬೇಕು. ಸಕ್ಕರೆ ಕಲಸಿದ ನೀರು ಕುಡಿಸಿದರು. ಕಾಲು ಗಂಟೆಯ ಮೇಲೆ ದೊಡ್ಡಮ್ಮ ನನ್ನ ಮುಖ ನೋಡಿ, ಸರಿಯಾದ ಹೆಸರು ಹಿಡಿದು, "ಯಾಕೇ ಅಳ್ತಿದ್ದೀಯ?" ಅಂದರು.

ಆಮೇಲೆ ನಾನು ಮಾಡಿದ ಇನ್ನೊಂದು ತಪ್ಪು

ಹೆದರಿಬಿಟ್ಟೆ. ಮುಂದಿನ ನಾಲ್ಕು ತಿಂಗಳು ದೊಡ್ಡಮ್ಮನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಆಸ್ಪತ್ರೆಗೆ ಹೋಮ್‌ನವರೇ ಕರೆದುಕೊಂಡು ಹೋಗಲಿ ಅಂದೆ. ಭಾನುವಾರ ಹಣ್ಣು, ಬಿಸ್ಕತ್ತು ತಗೊಂಡು ಹೋಗಿ ಒಂದು ಗಂಟೆ ಕೂತು ಬರುತ್ತಿದ್ದೆ. ಕಸಿನ್ ಮಗನ ನಾಮಕರಣಕ್ಕೂ ಅವರನ್ನು ಕರೆಯಲಿಲ್ಲ, ಫೋಟೊ ತೋರಿಸಿದೆ.

ಅವರು ಫೋಟೊ ನೋಡಿ ಫೋನ್ ವಾಪಸ್ ಕೊಟ್ಟರು. "ಸ್ಕೂಲ್ ಮಕ್ಳನ್ನ ಪ್ರತಿ ವರ್ಷ ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಕರ್ಕೊಂಡು ಹೋಗ್ತಿದ್ದೆ. ಅರವತ್ತು ಮಕ್ಳು, ಇಬ್ರು ಟೀಚರ್ಸು. ಒಂದು ಸಲ ಒಬ್ಬ ಹುಡುಗ ಬಿದ್ದು ಮಂಡಿ ತರಚಿಕೊಂಡ. ಅಂತ ಮುಂದಿನ ವರ್ಷ ಹೋಗೋದು ಬಿಟ್ವಾ? ಐದು ಜನ ಅಮ್ಮಂದಿರನ್ನ ಜೊತೆಗೆ ಕರ್ಕೊಂಡು ಹೋದ್ವಿ" ಅಂದರು.

ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಅವತ್ತೇ ಸಿಸ್ಟರ್ ರೂಮಿಗೆ ಹೋಗಿ, "ನನಗೆ ಹೇಳಿಕೊಡಿ" ಅಂತ ಕೇಳಿದೆ. ಅವರು ಹೇಳಿದ್ದು, ಹೋಮ್‌ನ ಫಿಸಿಯೋಥೆರಪಿಸ್ಟ್ ತೋರಿಸಿದ್ದು, ಆಮೇಲೆ ಈ ಎರಡು ವರ್ಷದಲ್ಲಿ ನಾನು ಎಡವಿ ಕಲಿತದ್ದು, ಎಲ್ಲ ಇಲ್ಲಿದೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮನೆಯ ಹಿರಿಯರ ವಿಷಯದಲ್ಲಿ ಕೊನೆಯ ಮಾತು ಅವರ ಡಾಕ್ಟರದ್ದೇ ಆಗಿರಲಿ.

ಹೊರಡುವ ಮುಂಚೆ ಕೇಳಬೇಕಾದ್ದು

ಹೋಮ್‌ನಲ್ಲಿರುವ ಹಿರಿಯರ ದಿನ ಒಂದು ಟೈಮ್‌ಟೇಬಲ್ ಮೇಲೆ ನಡೆಯುತ್ತದೆ. ಮಾತ್ರೆ, ತಿಂಡಿ, ಬಾತ್‌ರೂಮ್, ಮಧ್ಯಾಹ್ನದ ನಿದ್ದೆ. ನಾವು ಅವರನ್ನು ಕರೆದುಕೊಂಡು ಹೊರಟ ಕೂಡಲೇ ಆ ಟೈಮ್‌ಟೇಬಲ್ ನಮ್ಮ ಕೈಗೆ ಬರುತ್ತದೆ. ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಗೇಟ್ ದಾಟಬಾರದು.

ಈಗ ನಾನು ಹಿಂದಿನ ದಿನವೇ ಫೋನ್ ಮಾಡಿ ಸಿಸ್ಟರ್ ಹತ್ತಿರ ನಾಲ್ಕು ವಿಷಯ ಕೇಳುತ್ತೇನೆ. ಬೆಳಿಗ್ಗೆ ಏನೇನು ಔಷಧಿ ಕೊಡುತ್ತೀರಿ, ಹೊರಗಿರುವಾಗ ನಾನು ಯಾವುದು ಕೊಡಬೇಕು? ಈ ವಾರ ನಡಿಗೆಯಲ್ಲಿ, ನಿದ್ದೆಯಲ್ಲಿ, ಊಟದಲ್ಲಿ ಏನಾದರೂ ಬದಲಾವಣೆ ಇದೆಯಾ? ಬಾತ್‌ರೂಮಿಗೆ ಎಷ್ಟು ಹೊತ್ತಿಗೊಮ್ಮೆ ಹೋಗುತ್ತಾರೆ? ಎಷ್ಟು ಗಂಟೆಗೆ ವಾಪಸ್ ಬಂದರೆ ಒಳ್ಳೆಯದು?

ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಇದ್ದರೆ ಐದನೆಯ ಪ್ರಶ್ನೆಯೂ ಇದೆ. ಆ ದಿನ ಇನ್ಸುಲಿನ್ ಮತ್ತು ಸಕ್ಕರೆ ಮಾತ್ರೆ ಯಾವಾಗ? ಇದನ್ನು ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಬೇಕು, ನಾವೇ ತೀರ್ಮಾನ ಮಾಡುವಂತಿಲ್ಲ. ಲ್ಯಾಬ್‌ನಲ್ಲಿ ಬೆಳಗಿನ ಮೊದಲ ಸರದಿ ಕೇಳಿ, ತಿಂಡಿ ಡಬ್ಬಿಯಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಮೂತ್ರ ಹೆಚ್ಚು ಹೋಗಿಸುವ ಮಾತ್ರೆ ತಗೊಳ್ಳುವವರ ವಿಷಯದಲ್ಲೂ ಹೀಗೇ. ಪ್ರಯಾಣದ ದಿನ ಅದರ ಸಮಯ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಬಹುದು. ದಾರಿಯಲ್ಲಿ ತೊಂದರೆ ಅಂತ ನಾವಾಗಿ ನಿಲ್ಲಿಸಬಾರದು.

ಚೀಲದಲ್ಲಿ ಇರಬೇಕಾದ್ದು: ಔಷಧಿಗಳ ಪಟ್ಟಿ, ಹಳೆಯ ರಿಪೋರ್ಟ್‌ಗಳ ಫೈಲ್, ಸಮಯ ಬರೆದ ಕವರ್‌ನಲ್ಲಿ ಮಾತ್ರೆ, ನೀರು, ತಿಂಡಿ, ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಕನ್ನಡಕ, ಹಿಯರಿಂಗ್ ಏಡ್ ಇದ್ದರೆ ಅದರ ಬ್ಯಾಟರಿ, ಒಂದು ಜೊತೆ ಬಟ್ಟೆ, ಅಡಲ್ಟ್ ಡಯಾಪರ್, ಟಿಶ್ಯೂ, ಒಂದು ಪ್ಲಾಸ್ಟಿಕ್ ಕವರ್, ಶಾಲು. ಚಾಕಲೇಟ್ ಇಟ್ಟುಕೊಂಡಿದ್ದೇನಲ್ಲ ಅಂತ ನಾನು ಸಿಸ್ಟರ್‌ಗೆ ಹೇಳಿದ್ದೆ. ಚಾಕಲೇಟ್‌ನಲ್ಲಿ ಕೊಬ್ಬಿರುವುದರಿಂದ ಅದರ ಸಕ್ಕರೆ ರಕ್ತ ಸೇರುವುದು ನಿಧಾನ, ಸಕ್ಕರೆ ಕುಸಿದಾಗ ಬೇಕಾದ್ದು ಸಕ್ಕರೆ ನೀರು ಅಥವಾ ಹಣ್ಣಿನ ಜ್ಯೂಸ್ ಅಂದರು.

ಹೋಮ್‌ನ ರಿಜಿಸ್ಟರ್‌ನಲ್ಲಿ ಸಹಿ ಹಾಕುವುದು ಬರೀ ಫಾರ್ಮಾಲಿಟಿ ಅಂತ ನನಗನ್ನಿಸುತ್ತಿತ್ತು. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಬರುತ್ತೇವೆ, ಯಾರ ನಂಬರ್ ಅನ್ನುವುದು ಅಲ್ಲಿ ಸರಿಯಾಗಿದ್ದರೆ, ನಾವು ತಡವಾದಾಗ ಹುಡುಕಿ ಫೋನ್ ಮಾಡುವವರು ಒಬ್ಬರಾದರೂ ಇರುತ್ತಾರೆ.

ಕೈ ಹಿಡಿದು ಎಳೆಯಬೇಡಿ

ಹಿರಿಯರನ್ನು ಎಬ್ಬಿಸುವಾಗ ನಾವೆಲ್ಲ ಮಾಡುವುದು ಒಂದೇ. ಎರಡೂ ಕೈ ಹಿಡಿದು "ಏಳಿ ಏಳಿ" ಅಂತ ಎಳೆಯುವುದು. ಫಿಸಿಯೋಥೆರಪಿಸ್ಟ್ ಮೊದಲು ಬಿಡಿಸಿದ್ದು ಈ ಅಭ್ಯಾಸವನ್ನೇ. ಭುಜಕ್ಕೆ ಪೆಟ್ಟಾಗಬಹುದು, ತೆಳುವಾದ ಚರ್ಮ ಕಿತ್ತು ಬರಬಹುದು, ಇಬ್ಬರೂ ಬೀಳಬಹುದು.

ಅವರು ಕುರ್ಚಿಯ ಅಂಚಿಗೆ ಬರಲಿ. ಪಾದಗಳನ್ನು ಮಂಡಿಯ ಕೆಳಗೆ ಎಳೆದುಕೊಳ್ಳಲಿ. ಕೈಯನ್ನು ಕುರ್ಚಿಯ ಕೈ ಮೇಲೆ ಊರಿ, ಮುಂದಕ್ಕೆ ಬಾಗಿ, ತಾವೇ ಏಳಲಿ. ನಾವು ಪಕ್ಕದಲ್ಲಿ ನಿಂತು ಬೆನ್ನಿಗೆ, ಸೊಂಟಕ್ಕೆ ಆಸರೆ ಕೊಟ್ಟರೆ ಸಾಕು. ಎದ್ದ ಕೂಡಲೇ ನಡೆಸಬಾರದು. ಬಿಪಿ ಮಾತ್ರೆ ತಗೊಳ್ಳುವವರಲ್ಲಿ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತು ಬರುವುದುಂಟು. ಮಲಗಿದ್ದರೆ ಮೊದಲು ಎದ್ದು ಕೂರಲಿ, ಎರಡು ಮೂರು ನಿಮಿಷ ಕಾಲು ಆಡಿಸಲಿ, ಆಮೇಲೆ ನಿಲ್ಲಲಿ, ನಿಂತು ಸ್ವಲ್ಪ ಸುಧಾರಿಸಿಕೊಳ್ಳಲಿ. "ತಲೆ ಸುತ್ತುತ್ತಿದೆಯಾ?" ಅಂತ ಕೇಳಿ, ಉತ್ತರ ಬರುವವರೆಗೂ ಕಾಯುವುದು ನಮ್ಮ ಕೆಲಸ.

ನಡೆಯುವಾಗ ಯಾವ ಕಡೆ ಬಲಹೀನವೋ ಆ ಕಡೆ, ಅರ್ಧ ಹೆಜ್ಜೆ ಹಿಂದೆ ಇರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಹತ್ತುವಾಗಲೂ ಇಳಿಯುವಾಗಲೂ ನಾವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ. ಕಣ್ಣು ಮಂಜಾದವರನ್ನು ಹಿಂದಿನಿಂದ ತಳ್ಳಿಕೊಂಡು ಹೋಗಬಾರದು. ಅವರೇ ನಮ್ಮ ಮೊಣಕೈ ಹಿಡಿದುಕೊಳ್ಳಲಿ, ನಾವು ಅರ್ಧ ಹೆಜ್ಜೆ ಮುಂದಿದ್ದು "ಇಲ್ಲೊಂದು ಮೆಟ್ಟಿಲಿದೆ" ಅಂತ ಹೇಳುತ್ತಾ ಹೋಗೋಣ.

ಕಾರು ಹತ್ತಿಸುವುದಕ್ಕೂ ಒಂದು ಕ್ರಮ ಇದೆ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಬೇಕು. ಬೆನ್ನು ಸೀಟಿನ ಕಡೆ ಮಾಡಿ ಮೊದಲು ಕೂರಬೇಕು, ತಲೆ ತಗ್ಗಿಸಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ತೆರೆದ ಬಾಗಿಲನ್ನು ಆಸರೆಗೆ ಹಿಡಿಯಲು ಬಿಡಬಾರದು, ಅದು ಅಲ್ಲಾಡುತ್ತದೆ. ಬಾಗಿಲು ಹಾಕುವ ಮುಂಚೆ ಬೆರಳು ಎಲ್ಲಿದೆ, ಸೆರಗು ಎಲ್ಲಿದೆ ಅಂತ ನೋಡಬೇಕು. ಸೀಟ್ ಬೆಲ್ಟ್ ಹಾಕಲೇಬೇಕು. ಕ್ಯಾಬ್ ಡ್ರೈವರ್‌ಗೆ ಮೊದಲೇ ಹೇಳಿಬಿಡುತ್ತೇನೆ: "ಅಣ್ಣಾ, ವಯಸ್ಸಾದವರಿದ್ದಾರೆ, ಹತ್ತೋಕೆ ಐದು ನಿಮಿಷ ಬೇಕು, ಹಂಪ್ ಬಂದಾಗ ನಿಧಾನ." ಇಲ್ಲಿಯವರೆಗೆ ಯಾರೂ ಬೇಡ ಅಂದಿಲ್ಲ.

ವೀಲ್‌ಚೇರ್ ಆದರೆ ಕೂರುವಾಗಲೂ ಏಳುವಾಗಲೂ ಎರಡೂ ಬ್ರೇಕ್ ಹಾಕಿರಬೇಕು, ಕಾಲಿಡುವ ಪ್ಲೇಟ್ ಮೇಲೆತ್ತಿರಬೇಕು. ಪ್ಲೇಟ್ ಮೇಲೆ ನಿಂತು ಎದ್ದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಕಡಿದಾದ ಇಳಿಜಾರಿನಲ್ಲಿ ವೀಲ್‌ಚೇರನ್ನು ಹಿಮ್ಮುಖವಾಗಿ, ನಾವು ಕೆಳಗಿದ್ದು ಇಳಿಸಬೇಕು. ಸೀರೆ ಸೆರಗು, ಶಾಲಿನ ತುದಿ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಮಡಿಲಿಗೆ ಸಿಕ್ಕಿಸಬೇಕು. ಎಸ್ಕಲೇಟರ್ ಹತ್ತಿರ ಹೋಗಲೇಬಾರದು, ಲಿಫ್ಟ್ ಹುಡುಕಬೇಕು.

ಆಸ್ಪತ್ರೆಯಲ್ಲಿ ಯಾರು ಮಾತಾಡಬೇಕು?

ಮತ್ತೆ ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಅವರು ನನ್ನನ್ನೇ ನೋಡಿ "ಇವರಿಗೆ ಏನು ತೊಂದರೆ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ, "ಡಾಕ್ಟ್ರೇ, ಕಣ್ಣು ನಂದು" ಅಂದರು. ಡಾಕ್ಟರ್ ನಕ್ಕು ಕುರ್ಚಿ ಅವರ ಕಡೆ ತಿರುಗಿಸಿಕೊಂಡರು.

ಅವತ್ತಿನಿಂದ ನಮ್ಮದು ಒಂದು ಒಪ್ಪಂದ. ಮೊದಲು ದೊಡ್ಡಮ್ಮ ಮಾತಾಡುವುದು. ಅವರು ಮರೆತದ್ದನ್ನು ಮಾತ್ರ ನಾನು ಸೇರಿಸುವುದು. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ಭಾನುವಾರವೇ ಇಬ್ಬರೂ ಕೂತು ಚೀಟಿಯಲ್ಲಿ ಬರೆಯುತ್ತೇವೆ, ಮೂರಕ್ಕಿಂತ ಹೆಚ್ಚಿಲ್ಲ. ಉತ್ತರವನ್ನು ನಾನು ಬರೆದುಕೊಂಡು, ಎದ್ದು ಬರುವ ಮುಂಚೆ ಡಾಕ್ಟರ್ ಮುಂದೆಯೇ ಓದುತ್ತೇನೆ. ಹೊಸ ಮಾತ್ರೆ ಬರೆದರೆ ಒಂದೇ ಪ್ರಶ್ನೆ: "ಇದು ಹಳೆಯದರ ಜೊತೆಗಾ, ಹಳೆಯದರ ಬದಲಿಗಾ?"

ಈ ಪ್ರಶ್ನೆ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಒಮ್ಮೆ ಬೇರೊಬ್ಬ ಡಾಕ್ಟರ್ ಬಿಪಿಗೆ ಹೊಸ ಮಾತ್ರೆ ಬರೆದರು, ನಾನು ತಂದು ಹೋಮ್‌ನಲ್ಲಿ ಕೊಟ್ಟೆ. ಸಿಸ್ಟರ್ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ, "ಇದು ನಾವು ಈಗಾಗಲೇ ಕೊಡ್ತಿರೋದೇ ಮೇಡಂ, ಕಂಪನಿ ಹೆಸರು ಬೇರೆ ಅಷ್ಟೆ" ಅಂದರು. ಅವರು ನೋಡದೇ ಇದ್ದಿದ್ದರೆ ಒಂದೇ ಔಷಧಿ ಎರಡು ಪಟ್ಟು ಹೋಗುತ್ತಿತ್ತು. ಔಷಧಿ ಪಟ್ಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆ ಒಳಗಿನ ಔಷಧಿಯ ಹೆಸರೂ ಇರಬೇಕು ಅನ್ನುವುದು ಅದಕ್ಕೇ.

ಕಣ್ಣಿನ ಪರೀಕ್ಷೆಗೆ ಹೋಗುವವರಿಗೆ ಇನ್ನೊಂದು ಮಾತು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜು, ಬೆಳಕು ಚುಚ್ಚುತ್ತದೆ. ಬಂದಾಗ ಹತ್ತಿದ ಮೆಟ್ಟಿಲೇ ಹೋಗುವಾಗ ಕಾಣುವುದಿಲ್ಲ. ಅವತ್ತು ಕಪ್ಪು ಕನ್ನಡಕ ಇರಲಿ, ವಾಪಸ್ ಬರುವಾಗ ಕೈ ಬಿಡಬೇಡಿ, "ಇಲ್ಲೇ ಪಕ್ಕದಲ್ಲಿ ಅಂಗಡಿಗೆ ಹೋಗಿ ಬರೋಣ" ಅನ್ನುವ ಪ್ಲಾನ್ ಬೇಡ.

ಛತ್ರ, ದೇವಸ್ಥಾನ, ಬಾತ್‌ರೂಮ್

ಆಸ್ಪತ್ರೆಯಲ್ಲಾದರೆ ವೀಲ್‌ಚೇರ್, ಲಿಫ್ಟ್, ನರ್ಸ್ ಎಲ್ಲ ಇರುತ್ತದೆ. ಕಷ್ಟ ಇರುವುದು ಮದುವೆ ಛತ್ರದಲ್ಲಿ.

ಕಸಿನ್ ಮದುವೆಯ ಹಿಂದಿನ ವಾರ ನಾನು ಛತ್ರಕ್ಕೆ ಹೋಗಿ ನೋಡಿಕೊಂಡು ಬಂದೆ. ಊಟದ ಹಾಲ್ ನೆಲಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಇಳಿಜಾರು ಒಂದಿತ್ತು, ಅಡುಗೆಯವರು ಪಾತ್ರೆ ತಳ್ಳಿಕೊಂಡು ಹೋಗುವುದಕ್ಕೆ ಮಾಡಿದ್ದು. ವೀಲ್‌ಚೇರ್ ಇಳಿಜಾರು ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಅಲ್ಲಿದ್ದದ್ದು ಜಾರುಬಂಡೆ. ಮ್ಯಾನೇಜರ್ ಹತ್ತಿರ ಮಾತಾಡಿ ಮೇಲೆಯೇ ಒಂದು ಟೇಬಲ್ ಹಾಕಿಸಿದೆ. ನೋಡಿದರೆ ಅವತ್ತು ಆ ಟೇಬಲ್‌ಗೆ ಇನ್ನೂ ಆರು ಜನ ಅಜ್ಜ ಅಜ್ಜಿಯರು ಬಂದು ಕೂತರು.

ಬಾತ್‌ರೂಮ್ ವಿಷಯ ನಾಚಿಕೆ ಬಿಟ್ಟು ಮೊದಲೇ ನೋಡಿಕೊಳ್ಳಬೇಕು. ವೆಸ್ಟರ್ನ್ ಕಮೋಡ್ ಎಲ್ಲಿದೆ, ನೆಲ ಒದ್ದೆಯಾ, ಒಳಗೆ ಹಿಡಿದುಕೊಳ್ಳಲು ಏನಾದರೂ ಇದೆಯಾ? ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅನ್ನುವ ಭಯಕ್ಕೆ ಹಿರಿಯರು ಹೊರಗೆ ಹೋದಾಗ ನೀರೇ ಕುಡಿಯುವುದಿಲ್ಲ. ಆಮೇಲೆ ತಲೆ ಸುತ್ತು, ಸುಸ್ತು. "ಬಾತ್‌ರೂಮ್ ಬೇಕಾ?" ಅಂತ ಹತ್ತು ಜನರ ಮುಂದೆ ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ. ಎರಡು ಗಂಟೆಗೊಮ್ಮೆ "ನಾನು ಹೋಗ್ತಿದ್ದೀನಿ, ಬನ್ನಿ ದೊಡ್ಡಮ್ಮ" ಅಂತೀನಿ. ಬರುತ್ತಾರೆ. ಒಳಗಿನಿಂದ ಚಿಲಕ ಹಾಕುವುದು ಬೇಡ, ನಾನು ಹೊರಗೆ ಬಾಗಿಲು ಹಿಡಿದು ನಿಂತಿರುತ್ತೇನೆ.

ದೇವಸ್ಥಾನಕ್ಕೆ ಹೋಗುವವರು ಪಾದ ಮರೆಯಬೇಡಿ. ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದರೂ ಸುಟ್ಟದ್ದು ಗೊತ್ತಾಗುವುದಿಲ್ಲ. ಸಂಜೆ ನೋಡಿದರೆ ಬೊಬ್ಬೆ, ಆಮೇಲೆ ಆರದ ಗಾಯ. ಬೆಳಿಗ್ಗೆ ಬೇಗ ಹೋಗಿ, ದಪ್ಪ ಸಾಕ್ಸ್ ಹಾಕಿಸಿ, ಬಂದ ಮೇಲೆ ಪಾದ ತಿರುಗಿಸಿ ನೋಡಿ. ಉಳಿದ ಕಡೆಗೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ.

ಮರೆವಿನ ಕಾಯಿಲೆ ಇದ್ದರೆ

ದೊಡ್ಡಮ್ಮನ ಪಕ್ಕದ ಬ್ಲಾಕ್‌ನಲ್ಲಿ ಒಬ್ಬ ತಾತ ಇದ್ದಾರೆ, ನಿವೃತ್ತ ಬ್ಯಾಂಕ್ ಉದ್ಯೋಗಿ, ಡಿಮೆನ್ಷಿಯಾ ಇದೆ. ಮಗ ಅವರನ್ನು ಒಂದು ಗೃಹಪ್ರವೇಶಕ್ಕೆ ಕರೆದುಕೊಂಡು ಹೋಗಿದ್ದರು. ಅಪ್ಪನನ್ನು ಕಾರಿನಲ್ಲಿ ಕೂರಿಸಿ, ಎರಡು ನಿಮಿಷ ಅಂತ ಅಂಗಡಿಗೆ ಹೋಗಿ ಬಂದರೆ ಕಾರು ಖಾಲಿ. ಒಂದು ಗಂಟೆ ಹುಡುಕಿದ ಮೇಲೆ ಬಸ್ ಸ್ಟಾಪ್‌ನಲ್ಲಿ ಸಿಕ್ಕರು. "ಆಫೀಸಿಗೆ ಲೇಟಾಯ್ತು" ಅಂದರಂತೆ. ಈ ಕಥೆ ಹೇಳುವಾಗ ಆ ಮಗನ ಕೈ ಇನ್ನೂ ನಡುಗುತ್ತಿತ್ತು.

ಈಗ ಅವರು ಒಬ್ಬರೇ ಕರೆದುಕೊಂಡು ಹೋಗುವುದಿಲ್ಲ, ಗಾಡಿ ಓಡಿಸಲು ಒಬ್ಬರು, ಜೊತೆಗಿರಲು ಒಬ್ಬರು. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್. ಅಪ್ಪನ ಜೇಬಿನಲ್ಲಿ ಹೆಸರು ಮತ್ತು ಇಬ್ಬರ ಫೋನ್ ನಂಬರ್ ಇರುವ ಚೀಟಿ. ಹೊರಡುವ ಮುಂಚೆ ಅವತ್ತಿನ ಬಟ್ಟೆಯಲ್ಲೇ ಒಂದು ಪೂರ್ತಿ ಫೋಟೊ. ಕಳೆದುಹೋದರೆ ಪೊಲೀಸರು ಮೊದಲು ಕೇಳುವುದು ಏನು ಬಟ್ಟೆ ಹಾಕಿದ್ದರು ಅಂತ, ಆ ಗಾಬರಿಯಲ್ಲಿ ನಮಗೆ ನೆನಪಾಗುವುದಿಲ್ಲ. ಡಿಮೆನ್ಷಿಯಾ ಇರುವ ಹಲವರಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ, ಚಡಪಡಿಕೆ ಹೆಚ್ಚುತ್ತದೆ, ಹಾಗಾಗಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್. "ಆಫೀಸಿಗೆ ಹೋಗ್ಬೇಕು" ಅಂದರೆ ವಾದ ಮಾಡುವುದಿಲ್ಲ. "ಕಾಫಿ ಕುಡಿದು ಹೋಗೋಣ ಅಪ್ಪ" ಅಂತಾರೆ.

ಏನಾದರೂ ಆಗಿಬಿಟ್ಟರೆ

ಸಕ್ಕರೆ ಕಾಯಿಲೆ ಇರುವವರು ಇದ್ದಕ್ಕಿದ್ದಂತೆ ಬೆವರಿದರೆ, ನಡುಗಿದರೆ, ಸಿಟ್ಟಾದರೆ, ಮಾತು ಅಸಂಬದ್ಧವಾದರೆ ಸ್ವಭಾವ ಅಂತ ತಳ್ಳಿಹಾಕಬೇಡಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚದಷ್ಟು ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ.

ಮುಖ ಒಂದು ಕಡೆ ಜೋತುಬಿದ್ದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಶುರುವಾದ ಸಮಯ ನೋಡಿಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ. "ಸ್ವಲ್ಪ ಮಲಗಲಿ, ಸರಿಹೋಗುತ್ತೆ" ಅಂತ ಕಾಯಬಾರದು.

ಬಿದ್ದರೆ ತಕ್ಷಣ ಎತ್ತಬೇಡಿ. ಸುತ್ತಲಿನ ಜನ ಪ್ರೀತಿಯಿಂದಲೇ ಓಡಿಬಂದು ರಟ್ಟೆ ಹಿಡಿದು ಎತ್ತುತ್ತಾರೆ, ಅವರನ್ನು ತಡೆಯಿರಿ. ಎಲ್ಲಿ ನೋವು ಅಂತ ಕೇಳಿ. ಸೊಂಟ, ತೊಡೆಯಲ್ಲಿ ತೀವ್ರ ನೋವಿದ್ದರೆ, ಕಾಲು ಓರೆಯಾಗಿದ್ದರೆ ಆಂಬುಲೆನ್ಸ್ ಬರುವವರೆಗೂ ಅಲ್ಲಾಡಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರ ತಲೆಗೆ ಸಣ್ಣ ಪೆಟ್ಟಾಗಿದ್ದರೂ, ನೋಡಲು ಚೆನ್ನಾಗಿದ್ದರೂ, ಆಸ್ಪತ್ರೆಗೆ ತೋರಿಸಲೇಬೇಕು.

ವಾಪಸ್ ಬಿಡುವುದು ಅಂದರೆ

ಆ ಮದುವೆಯ ದಿನ ಒಂದು ವಿಷಯ ನಾನು ಮುಚ್ಚಿಟ್ಟಿದ್ದೆ. ಕಾರು ಇಳಿಯುವಾಗ ದೊಡ್ಡಮ್ಮ ಸ್ವಲ್ಪ ವಾಲಿ, ಮೊಣಕೈ ಬಾಗಿಲಿಗೆ ತಾಗಿತ್ತು. "ಏನಿಲ್ಲ ಬಿಡೇ" ಅಂದರು. ಹೋಮ್‌ನಲ್ಲಿ ಹೇಳಿದರೆ ಇನ್ನು ಕಳಿಸುವುದಿಲ್ಲವೇನೋ ಅಂತ ನಾನೂ ಸುಮ್ಮನಾದೆ. ಮರುದಿನ ಸಿಸ್ಟರ್ ಫೋನ್. ಮೊಣಕೈ ನೀಲಿಗಟ್ಟಿದೆ, ರಾತ್ರಿ ಬಾತ್‌ರೂಮಿನಲ್ಲಿ ಬಿದ್ದರಾ ಅಂತ ನೈಟ್ ಡ್ಯೂಟಿಯ ಹುಡುಗಿಯನ್ನು ಬೆಳಿಗ್ಗೆಯಿಂದ ವಿಚಾರಿಸುತ್ತಿದ್ದಾರೆ. ತಪ್ಪು ಮಾಡದ ಆ ಹುಡುಗಿ ಅಳುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಹೋಗಿ ಇಬ್ಬರ ಹತ್ತಿರವೂ ಕ್ಷಮೆ ಕೇಳಿದೆ.

ಈಗ ವಾಪಸ್ ಬಿಟ್ಟ ಮೇಲೆ ಹತ್ತು ನಿಮಿಷ ಕೂರುತ್ತೇನೆ. ಏನು ತಿಂದರು, ಎಷ್ಟು ಗಂಟೆಗೆ ಯಾವ ಮಾತ್ರೆ, ಡಾಕ್ಟರ್ ಏನು ಬದಲಿಸಿದರು, ಎಲ್ಲಿ ಎಡವಿದರು, ಎಲ್ಲ ಹೇಳಿ, ಅದನ್ನೇ ಸಿಸ್ಟರ್‌ಗೆ ವಾಟ್ಸಾಪ್ ಕೂಡ ಮಾಡುತ್ತೇನೆ. ಹೋಮ್‌ನವರು ಕಳಿಸುವುದನ್ನು ನಿಲ್ಲಿಸಲಿಲ್ಲ. ಮುಂದಿನ ಸಲ ಹೊರಡುವಾಗ ಆ ಹುಡುಗಿಯೇ ದೊಡ್ಡಮ್ಮನ ಚೀಲ ತಂದು ಕಾರಿನಲ್ಲಿಟ್ಟಳು.

ಲಾಲ್‌ಬಾಗ್

ಕಳೆದ ತಿಂಗಳು ನಾವು ಲಾಲ್‌ಬಾಗ್‌ಗೆ ಹೋಗಿದ್ದೆವು. ಫ್ಲವರ್ ಶೋ ಸಮಯದಲ್ಲಿ ಬೇಡ, ಜನಜಂಗುಳಿ ಅಂತ ಇಬ್ಬರೂ ಮಾತಾಡಿಕೊಂಡು, ಒಂದು ಬುಧವಾರ ನಾನು ಪೂರ್ತಿ ರಜೆ ಹಾಕಿದೆ. ತಿಂಡಿ ಹೋಮ್‌ನಲ್ಲೇ ಆಯಿತು. ಸ್ವಲ್ಪ ದೂರ ವೀಲ್‌ಚೇರ್, ಸ್ವಲ್ಪ ದೂರ ನಡಿಗೆ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯ ಎದುರು ಒಂದು ಬೆಂಚಿನ ಮೇಲೆ ಕೂತೆವು. ನಾನು ಬಂಡೆಯ ಕಡೆ ಹೋಗೋಣ, ಕೆರೆ ನೋಡೋಣ ಅಂತ ಪ್ಲಾನ್ ಹಾಕಿದ್ದೆ. ದೊಡ್ಡಮ್ಮ ಎರಡೂ ಬೇಡ ಅಂದರು. "ಇಲ್ಲೇ ಕೂತಿರೋಣ. ಮಕ್ಕಳನ್ನ ಇಲ್ಲೇ ಸಾಲಾಗಿ ಕೂರಿಸಿ ಚಿತ್ರಾನ್ನ ಕೊಡ್ತಿದ್ವಿ."

ಒಂದೂವರೆ ಗಂಟೆ ಕೂತಿದ್ದೆವು. ಆಫೀಸಿನಿಂದ ಎರಡು ಕಾಲ್ ಬಂತು, ತೆಗೆಯಲಿಲ್ಲ. ಡಬ್ಬಿ ತೆಗೆದು ಬಿಸ್ಕತ್ತು ಕೊಟ್ಟೆ, ನೀರು ಕುಡಿದರು. ಹೊರಡುವಾಗ "ಎದ್ದೇಳಿ" ಅಂತ ಕೈ ಚಾಚಿದೆ, ಹಳೇ ಅಭ್ಯಾಸ. ಅವರು ನನ್ನ ಕೈ ತಳ್ಳಿ, ಬೆಂಚಿನ ಅಂಚಿಗೆ ಸರಿದು, ಕೈ ಊರಿ ತಾವೇ ಎದ್ದು ನಿಂತರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ತಲೆ ಸುತ್ತುತ್ತಿಲ್ಲ, ನಡಿ" ಅಂದರು.

ಫೋನಿನಲ್ಲಿ ಸೇವ್ ಮಾಡಿಕೊಳ್ಳಿ

* ಆಂಬುಲೆನ್ಸ್: 108. ಪೊಲೀಸ್ ಸೇರಿದಂತೆ ಎಲ್ಲ ತುರ್ತಿಗೆ: 112. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್ ಲೈನ್: 14567.
* ಹೋಮ್‌ನ ಸಿಸ್ಟರ್ ಮತ್ತು ಮ್ಯಾನೇಜರ್ ನಂಬರ್, ಹಿರಿಯರ ಡಾಕ್ಟರ್ ನಂಬರ್.
* ಔಷಧಿ ಪಟ್ಟಿಯ ಫೋಟೊ, ಯಾವ ಔಷಧಿಗೆ ಅಲರ್ಜಿ ಅನ್ನುವ ವಿವರ.
* ಹೊರಟ ದಿನದ ಬಟ್ಟೆಯಲ್ಲಿ ಅವರ ಫೋಟೊ.
* ಕ್ಯಾಲೆಂಡರ್‌ನಲ್ಲಿ ಪೂರ್ತಿ ದಿನದ ರಜೆ.

ನಿಮ್ಮ ಮನೆಯ ಹಿರಿಯರನ್ನು ಹೊರಗೆ ಕರೆದುಕೊಂಡು ಹೋದಾಗ ಕಲಿತ ಒಂದು ಪಾಠ ಇದ್ದರೆ ಓದುಗರ ಅಂಕಣಕ್ಕೆ ಬರೆಯಿರಿ. ಎಡವಟ್ಟಾಗಿದ್ದರೆ ಅದನ್ನೂ ಬರೆಯಿರಿ.